ಹೆಡ್‌ಫೋನಿನಲ್ಲಿ ನಿರ್ಮಲ ನಾದ: ಕಿರು ಪರಿವರ್ತಕ-ವರ್ಧಕವನ್ನು ಬಳಸುವ ಕ್ರಮ

ನಮ್ಮ ಹಿರಿಯರು ವಿದ್ಯಾವಂತನನ್ನು 'ಬಹುಶ್ರುತ'ನೆಂದು ಕರೆದರು. ಬಹಳ ಓದಿದವನೆಂದಲ್ಲ, ಬಹಳ ಕೇಳಿದವನೆಂದು ಆ ಮಾತಿನ ಅರ್ಥ. ಶ್ರವಣ, ಮನನ, ನಿದಿಧ್ಯಾಸನವೆಂಬ ಮೂರು ಮೆಟ್ಟಿಲುಗಳಲ್ಲಿ ಮೊದಲನೆಯದು ಶ್ರವಣವೇ. ಗಡಿನಾಡಿನಲ್ಲಿ ಕನ್ನಡವನ್ನು ಕಲಿಯುವ ನಮ್ಮ ಮಕ್ಕಳಿಗೆ ಈ ಮಾತು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರುಗಳ ಸುತ್ತಿನ ಊರುಗಳಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಕೇಳಿಬರುತ್ತವೆ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಅಕ್ಷರ ಒಂದೇ. ಅಕ್ಷರವು ನಿಂತ ಸ್ಥಾನವನ್ನು ನೋಡಿ ಉಚ್ಚಾರವನ್ನು ಅರಿಯುವುದು ಆ ಭಾಷೆಯ ಸಂಪ್ರದಾಯ. ಅದಕ್ಕೆ ಅದರದೇ ಸೊಗಸುಂಟು. ಕನ್ನಡದಲ್ಲಾದರೋ ಪ್ರತಿಯೊಂದಕ್ಕೂ ಬೇರೆ ಬೇರೆ ಅಕ್ಷರ. ಎರಡನ್ನೂ ಕಲಿಯುವ ವಿದ್ಯಾರ್ಥಿಯು 'ಕರ' ಮತ್ತು 'ಖರ', 'ದನ' ಮತ್ತು 'ಧನ', 'ಸರ' ಮತ್ತು 'ಶರ' ಇವುಗಳ ಭೇದವನ್ನು ಕಣ್ಣಿನಿಂದ ಮಾತ್ರವಲ್ಲ, ಕಿವಿಯಿಂದಲೂ ಅರಿಯಬೇಕು.

ಈ ಉದ್ದೇಶದಿಂದಲೇ ನಮ್ಮ ಶಾಲೆಯ ವಾಚನಾಲಯದ ಮೂಲೆಯಲ್ಲಿ 'ಕೇಳುವ ಮೇಜು' ಎಂಬುದೊಂದನ್ನು ಇರಿಸಿದ್ದೇವೆ. ಕಳೆದ ವರ್ಷ ದೀಪಾವಳಿಯ ರಜೆಯಲ್ಲಿ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಬಂದು, ಅಂಗೈಯಲ್ಲಿ ಹಿಡಿಯುವಂಥ ಒಂದು ಚಿಕ್ಕ ಪೆಟ್ಟಿಗೆಯನ್ನು ನಮ್ಮ ಮುಂದಿಟ್ಟು, "ಸಾರ್, ಇದರಲ್ಲಿ ಕೇಳಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮಕ್ಕಳಿಗೆ ಉಪಯೋಗವಾಗಲಿ" ಎಂದರು. ಸಂಘದವರು ಎರಡು ಹೆಡ್‌ಫೋನುಗಳನ್ನು ಕೊಡಿಸಿದರು. ನಾವು ಉತ್ಸಾಹದಿಂದ ಜೋಡಿಸಿ ಕೇಳಿದೆವು. ಕೇಳಿಸಿದ್ದೇನು? ಹಿನ್ನೆಲೆಯಲ್ಲಿ ಸುಯ್ಯೆನ್ನುವ ಸದ್ದು, ಅದರ ಕೆಳಗೆ ಗುಂಯ್ ಎನ್ನುವ ಮೊರೆತ, ನಡುವೆ ಒಡಕು ಕಂಠ. ಸಮಿತಿಯ ಹಿರಿಯ ಸದಸ್ಯರೊಬ್ಬರು ಹೆಡ್‌ಫೋನನ್ನು ತೆಗೆದಿಟ್ಟು, "ಮೇಷ್ಟ್ರೇ, ಇದಕ್ಕಿಂತ ನಮ್ಮ ಮನೆಯ ಹಳೇ ರೇಡಿಯೋನೇ ವಾಸಿ" ಎಂದುಬಿಟ್ಟರು.

ದೋಷವು ಪೆಟ್ಟಿಗೆಯದಾಗಿರಲಿಲ್ಲ, ನಮ್ಮ ಬಳಕೆಯದಾಗಿತ್ತು. ಒಂದೊಂದು ತಪ್ಪನ್ನೂ ಹುಡುಕಿ ತಿದ್ದಿಕೊಳ್ಳಲು ನಮಗೆ ಮೂರು ವಾರಗಳು ಹಿಡಿದವು. ಆ ಹುಡುಕಾಟದಲ್ಲಿ, ನಾವು ನಿರೀಕ್ಷಿಸದಿದ್ದ ಮತ್ತೊಂದು ಸಂಗತಿಯೂ ಬೆಳಕಿಗೆ ಬಂದಿತು; ಅದನ್ನು ಲೇಖನದ ಕೊನೆಯಲ್ಲಿ ಹೇಳುವೆವು. ಇಂದು ಹಲವು ಮನೆಗಳಲ್ಲಿ ಮಕ್ಕಳು ಹೆಡ್‌ಫೋನಿನಲ್ಲಿ ಪಾಠವನ್ನೂ ಹಾಡನ್ನೂ ಕೇಳುತ್ತಿರುವುದರಿಂದ, ನಾವು ಕಲಿತದ್ದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತೇವೆ.

1. ಪೂರ್ವೇತಿಹಾಸ

ಹೆಡ್‌ಫೋನು ಹೊಸ ವಸ್ತುವಲ್ಲ. 1910ರಲ್ಲಿ ಅಮೆರಿಕದ ನೆಥೇನಿಯಲ್ ಬಾಲ್ಡ್ವಿನ್ ಎಂಬಾತನು ಎರಡು ಕಿವಿಗಳಿಗೂ ಹೊಂದುವ ಹೆಡ್‌ಫೋನನ್ನು ತಯಾರಿಸಿ ಆ ದೇಶದ ನೌಕಾದಳಕ್ಕೆ ಒದಗಿಸಿದನು. ರೇಡಿಯೋ ಪ್ರಸಾರದ ಆರಂಭಕಾಲದಲ್ಲಿ ಹರಳಿನ ರೇಡಿಯೋಗಳು ಬಳಕೆಯಲ್ಲಿದ್ದುವು. ಅವುಗಳಲ್ಲಿ ಬ್ಯಾಟರಿಯೂ ಇರಲಿಲ್ಲ, ಧ್ವನಿಯನ್ನು ವರ್ಧಿಸುವ ಸಾಧನವೂ ಇರಲಿಲ್ಲ. ಆದಕಾರಣ ಹೆಡ್‌ಫೋನನ್ನು ಧರಿಸಿದವರಿಗೆ ಮಾತ್ರ ಅದು ಕೇಳಿಸುತ್ತಿತ್ತು. ಮೈಸೂರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದು. 1955ರಲ್ಲಿ ಬೆಂಗಳೂರಿನಲ್ಲಿ ನಿಲಯ ಪ್ರಾರಂಭವಾದ ಮೇಲೆ ನಮ್ಮ ಹೊಸೂರು ಸೀಮೆಯ ಕನ್ನಡಿಗರಿಗೆ ಕನ್ನಡ ವಾರ್ತೆಯೂ ಸಂಗೀತವೂ ಮನೆಯೊಳಗೇ ದೊರೆತವು. ಮುಂದೆ 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯು 'ವಾಕ್‌ಮನ್' ಎಂಬ ಕಿರು ಕ್ಯಾಸೆಟ್ ಯಂತ್ರವನ್ನು ಹೊರತಂದಿತು. ಅಲ್ಲಿಂದ ಹೆಡ್‌ಫೋನು ಬೀದಿಗೂ ಬಸ್ಸಿಗೂ ಬಂದಿತು.

2. ಪೆಟ್ಟಿಗೆಯೊಳಗಿನ ಎರಡು ಕೆಲಸಗಳು

ಈ ಕಿರುಪೆಟ್ಟಿಗೆಯಲ್ಲಿ ಎರಡು ಅಂಗಗಳಿವೆ. ಮೊದಲನೆಯದು ಪರಿವರ್ತಕ, ಪೇಟೆಯಲ್ಲಿ ಇದನ್ನು 'ಡ್ಯಾಕ್' ಎನ್ನುತ್ತಾರೆ. ಎರಡನೆಯದು ವರ್ಧಕ, ಎಂದರೆ ಆಂಪ್ಲಿಫಯರ್.

ಪರಿವರ್ತಕದ ಕೆಲಸವನ್ನು ಒಂದು ದೃಷ್ಟಾಂತದಿಂದ ತಿಳಿಯೋಣ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದ ಅಂಚನ್ನು ನಕ್ಷೆಕಾಗದದ ಮೇಲೆ ಬರೆಯಬೇಕೆಂದು ಭಾವಿಸಿ. ಸಮಾನ ದೂರಗಳಲ್ಲಿ ಬೆಟ್ಟದ ಎತ್ತರವನ್ನು ಅಳೆದು, ಸಂಖ್ಯೆಗಳ ಪಟ್ಟಿಯೊಂದನ್ನು ಮಾಡಿ, ಆ ಪಟ್ಟಿಯನ್ನು ದೂರದ ಮಿತ್ರನಿಗೆ ಕಳುಹಿಸಿದರೆ, ಅವನು ಬಿಂದುಗಳನ್ನು ಗುರುತಿಸಿ, ಗೆರೆಯೆಳೆದು ಬೆಟ್ಟದ ಅಂಚನ್ನು ಮತ್ತೆ ಬರೆಯಬಲ್ಲನು. ಧ್ವನಿಮುದ್ರಣವೂ ಹೀಗೆಯೇ. ಧ್ವನಿಯ ಅಲೆಯನ್ನು ಪ್ರತಿ ಸೆಕೆಂಡಿಗೆ ಸಾವಿರಾರು ಸಲ ಅಳೆದು ಸಂಖ್ಯೆಗಳಾಗಿ ಇಡುತ್ತಾರೆ. ಆ ಸಂಖ್ಯೆಗಳನ್ನು ಪುನಃ ವಿದ್ಯುತ್ತಿನ ಅಲೆಯಾಗಿ ಬರೆಯುವವನೇ ಪರಿವರ್ತಕ.

ಎಷ್ಟು ಸಲ ಅಳೆಯಬೇಕು? ಮನುಷ್ಯನ ಕಿವಿಗೆ ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಕಂಪನಗಳು ಕೇಳಿಸುತ್ತವೆ. ವಯಸ್ಸಾದಂತೆ ಮೇಲಿನ ಮಿತಿ ಇಳಿಯುತ್ತದೆ. ಅತ್ಯಂತ ಹೆಚ್ಚಿನ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆದರೆ ಅಲೆಯನ್ನು ಯಥಾವತ್ತಾಗಿ ಮತ್ತೆ ಪಡೆಯಬಹುದೆಂದು ಗಣಿತವು ಸಿದ್ಧಪಡಿಸಿದೆ. ಆದುದರಿಂದಲೇ 1982ರಲ್ಲಿ ಮಾರುಕಟ್ಟೆಗೆ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ಸೆಕೆಂಡಿಗೆ 44,100 ಅಳತೆಗಳನ್ನು ಗೊತ್ತುಮಾಡಿದರು. ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆಯುತ್ತಾರೆ. ಎಂದರೆ ಎತ್ತರವನ್ನು ಹೇಳಲು 65,536 ಮಟ್ಟಗಳಿವೆ. ಹೀಗೆ ಬರೆದ ಬಿಂದುಗಳ ನಡುವೆ ಧ್ವನಿಯು ಮೆಟ್ಟಿಲು ಮೆಟ್ಟಿಲಾಗಿ ಒಡೆದಿರುತ್ತದೆಂದು ಕೆಲವರು ಭಾವಿಸುತ್ತಾರೆ. ಅದು ತಪ್ಪು. ಪರಿವರ್ತಕವು ಬಿಂದುಗಳ ನಡುವಿನ ಗೆರೆಯನ್ನು ನುಣುಪಾಗಿಯೇ ಎಳೆಯುತ್ತದೆ.

ವರ್ಧಕದ ಕೆಲಸ ಬೇರೆ. ಪರಿವರ್ತಕವು ಕೊಟ್ಟ ಅಲೆಯಲ್ಲಿ ಹೆಡ್‌ಫೋನಿನ ಪೊರೆಯನ್ನು ಅಲುಗಿಸುವಷ್ಟು ಬಲವಿರುವುದಿಲ್ಲ. ಆ ಅಲೆಯ ಆಕಾರವನ್ನು ಕೆಡಿಸದೆ ಅದಕ್ಕೆ ಬಲವನ್ನು ಮಾತ್ರ ಕೂಡಿಸುವುದು ವರ್ಧಕದ ಧರ್ಮ. ಒಳ್ಳೆಯ ವರ್ಧಕವು ತನ್ನದೆಂಬ ಯಾವ ಸ್ವರವನ್ನೂ ಸೇರಿಸದು.

3. ಮೂಲವು ಶುದ್ಧವಾಗಿರಲಿ

ನಮ್ಮ ಮೊದಲ ತಪ್ಪು ಇಲ್ಲಿಯೇ ಇದ್ದಿತು. ನಾವು ಕೇಳಿಸಿದ ಪದ್ಯಪಾಠವು ಒಬ್ಬರಿಂದೊಬ್ಬರಿಗೆ ದೂರವಾಣಿಯಲ್ಲಿ ದಾಟಿ ಬಂದ, ಪದೇ ಪದೇ ಸಂಕ್ಷೇಪಿಸಲ್ಪಟ್ಟ ಮುದ್ರಣ. ಕೃಷ್ಣಗಿರಿಯ ಮಾವಿನ ರಸದ ಕಾರ್ಖಾನೆಗಳನ್ನು ನಮ್ಮ ಮಕ್ಕಳು ನೋಡಿದ್ದಾರೆ. ಯಂತ್ರ ಎಷ್ಟೇ ಉತ್ತಮವಾಗಿರಲಿ, ಹುಳಿಗಾಯನ್ನು ಹಾಕಿ ಸಿಹಿರಸವನ್ನು ತೆಗೆಯಲಾದೀತೆ? ಧ್ವನಿಯ ವಿಷಯವೂ ಅಷ್ಟೇ.

ಲೆಕ್ಕದಿಂದ ಇದನ್ನು ನೋಡಬಹುದು. ಸೆಕೆಂಡಿಗೆ 44,100 ಅಳತೆ, ಅಳತೆಗೆ 16 ಬಿಟ್, ಎಡ ಬಲ ಎಂದು ಎರಡು ಧಾರೆ: ಇವನ್ನು ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್‌ಗಳು. ಎಂಪಿ3 ಎಂಬ ಸಂಕ್ಷಿಪ್ತ ರೂಪದಲ್ಲಿ ಇದನ್ನು 1,28,000 ಬಿಟ್‌ಗಳಿಗೆ ಇಳಿಸಿದರೆ ಉಳಿಯುವುದು ಸುಮಾರು ಹನ್ನೊಂದನೆಯ ಒಂದು ಪಾಲು. ಕಿವಿಗೆ ಅಷ್ಟಾಗಿ ಗೋಚರವಾಗದ ಭಾಗವನ್ನು ಆರಿಸಿ ಬಿಡುವ ಜಾಣ್ಮೆ ಆ ಕ್ರಮದಲ್ಲಿದೆ, ನಿಜ. ಆದರೂ ಒಮ್ಮೆ ಬಿಟ್ಟದ್ದು ಮತ್ತೆ ಬಾರದು. ಸಂಕ್ಷೇಪಿಸಿದ್ದನ್ನು ಮತ್ತೆ ಮತ್ತೆ ಸಂಕ್ಷೇಪಿಸಿದರೆ ಸಕಾರ ಶಕಾರಗಳು ಕಲಸಿಹೋಗುತ್ತವೆ. ಸಕಾರದ ಸದ್ದಿನ ಸತ್ತ್ವವು ಹೆಚ್ಚಾಗಿ 4,000 ಹರ್ಟ್ಸ್‌ಗಿಂತ ಮೇಲಿದೆ. ಹಳೆಯ ದೂರವಾಣಿ ತಂತಿಯಲ್ಲಿ ಸುಮಾರು 300ರಿಂದ 3,400 ಹರ್ಟ್ಸ್ ಮಾತ್ರ ಹಾಯುತ್ತಿದ್ದುದರಿಂದಲೇ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಬೇಕಾಗುತ್ತಿತ್ತೆಂಬುದನ್ನು ಹಿರಿಯರು ಬಲ್ಲರು.

ಆದಕಾರಣ ಮೂಲ ಮುದ್ರಣವನ್ನೇ ಹುಡುಕಿ ಬಳಸಬೇಕು. ಎಂಪಿ3 ಆದರೆ 256 ಅಥವಾ 320 ಕಿಲೋಬಿಟ್‌ನದು ಸಾಕು. 'ಫ್ಲ್ಯಾಕ್' ಎಂಬ ರೂಪದಲ್ಲಿ ಏನನ್ನೂ ಬಿಡದೆ ಮಡಿಸಿಡುವುದರಿಂದ ಅದು ಇನ್ನೂ ಉತ್ತಮ. ಸೆಕೆಂಡಿಗೆ 1,92,000 ಅಳತೆಗಳ ಮುದ್ರಣವೆಂದು ಹೆಚ್ಚು ಹಣ ತೆರುವ ಅಗತ್ಯ ಕೇಳುಗರಿಗಿಲ್ಲ. ಕಿವಿಗೆ ಕೇಳಿಸುವುದೆಲ್ಲ 44,100ರಲ್ಲೇ ಅಡಕವಾಗಿದೆ.

4. ತಂತಿಯೂ ಕೊಂಡಿಯೂ

ದೂರವಾಣಿಯಿಂದಾಗಲಿ ಗಣಕಯಂತ್ರದಿಂದಾಗಲಿ ಪೆಟ್ಟಿಗೆಗೆ ಸಂಖ್ಯೆಗಳು ಯುಎಸ್‌ಬಿ ತಂತಿಯ ಮೂಲಕ ಬರುತ್ತವೆ. ಕೆಲವು ತಂತಿಗಳು ಬ್ಯಾಟರಿಯನ್ನು ತುಂಬಲು ಮಾತ್ರ ಬರುತ್ತವೆ. ಅವುಗಳಲ್ಲಿ ಸಂಖ್ಯೆಗಳನ್ನು ಒಯ್ಯುವ ಎಳೆಗಳೇ ಇಲ್ಲ. ನಾವು ಒಂದು ಸಂಜೆಯನ್ನೆಲ್ಲ ಇಂತಹ ತಂತಿಯಿಂದ ಕಳೆದೆವು. ಪೆಟ್ಟಿಗೆಯೊಡನೆ ಬಂದ ತಂತಿಯನ್ನೇ ಉಪಯೋಗಿಸುವುದು ಲೇಸು. ನಿಸ್ತಂತು ಹೆಡ್‌ಫೋನುಗಳಲ್ಲಿ ಪರಿವರ್ತಕವೂ ವರ್ಧಕವೂ ಒಳಗೇ ಅಡಗಿರುವುದರಿಂದ ಅವುಗಳಿಗೆ ಈ ಪೆಟ್ಟಿಗೆಯಿಂದ ಪ್ರಯೋಜನವಿಲ್ಲ.

ಹೆಡ್‌ಫೋನಿನ ಕಡ್ಡಿ ಸಾಮಾನ್ಯವಾಗಿ 3.5 ಮಿಲಿಮೀಟರ್ ದಪ್ಪದ್ದು. ಅದರ ತುದಿ ಎಡಗಿವಿಗೆ, ನಡುವಿನ ಉಂಗುರ ಬಲಗಿವಿಗೆ, ಬುಡವು ಎರಡಕ್ಕೂ ಸಾಮಾನ್ಯವಾದ ಮರಳುದಾರಿ. ಕಡ್ಡಿಯನ್ನು ಪೂರ್ತಿ ಒತ್ತದೆ ಬುಡದ ಸಂಪರ್ಕ ತಪ್ಪಿದರೆ ಒಂದು ವಿಚಿತ್ರ ನಡೆಯುತ್ತದೆ: ಎಡ ಬಲಗಳೆರಡರಲ್ಲೂ ಸಮಾನವಾಗಿರುವ ಧ್ವನಿ ಅಳಿಸಿಹೋಗಿ, ಅವುಗಳ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಗಾಯಕರ ಕಂಠವು ಹೆಚ್ಚಾಗಿ ಎರಡರಲ್ಲೂ ಸಮಾನವಾಗಿ ಇರುವುದರಿಂದ ಕಂಠ ಮಾಯವಾಗಿ ಪಕ್ಕವಾದ್ಯಗಳು ಮಾತ್ರ ದೂರದಿಂದೆಂಬಂತೆ ಕೇಳಿಸುತ್ತವೆ. ಹೀಗಾದಾಗ ಯಂತ್ರ ಕೆಟ್ಟಿತೆಂದು ದೂರದೆ ಕಡ್ಡಿಯನ್ನು ನೇರವಾಗಿ, ಕೊನೆಯವರೆಗೆ ಒತ್ತಬೇಕು.

5. ಹೊಂದಾಣಿಕೆಯ ಲೆಕ್ಕ

ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳಿರುತ್ತವೆ. ಒಂದು, ಪ್ರತಿರೋಧ, ಇದನ್ನು ಓಮ್‌ಗಳಲ್ಲಿ ಹೇಳುತ್ತಾರೆ. ಇನ್ನೊಂದು, ಒಂದು ಮಿಲಿವಾಟ್ ಶಕ್ತಿಗೆ ಎಷ್ಟು ಡೆಸಿಬೆಲ್ ಧ್ವನಿ ಬರುವುದೆಂಬ ಅಳತೆ.

ಮಿಲಿವಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನನ್ನು ತೆಗೆದುಕೊಳ್ಳೋಣ. 10 ಡೆಸಿಬೆಲ್ ಇಳಿದರೆ ಬೇಕಾಗುವ ಶಕ್ತಿ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 80 ಡೆಸಿಬೆಲ್ ಧ್ವನಿಗೆ ಬೇಕಾದದ್ದು ಒಂದು ಮಿಲಿವಾಟಿನ ನೂರನೆಯ ಒಂದು ಪಾಲು ಮಾತ್ರ! ಸಾಧಾರಣ ಹೆಡ್‌ಫೋನಿಗೆ ಮಹಾಬಲದ ವರ್ಧಕ ಅನಾವಶ್ಯಕವೆಂಬುದು ಇದರಿಂದ ಸ್ಪಷ್ಟವಾಗುವುದು. ಪ್ರತಿರೋಧ ಹೆಚ್ಚಿದ್ದರೆ ಮಾತ್ರ ಹೆಚ್ಚು ವೋಲ್ಟೇಜು ಬೇಕು: ಒಂದು ಮಿಲಿವಾಟ್ ಶಕ್ತಿಯನ್ನು ಕೊಡಲು 32 ಓಮ್‌ನ ಹೆಡ್‌ಫೋನಿಗೆ ಸುಮಾರು 0.18 ವೋಲ್ಟ್, 300 ಓಮ್‌ನದಕ್ಕೆ ಸುಮಾರು 0.55 ವೋಲ್ಟ್.

ವರ್ಧಕದ ಸ್ವಂತ ಪ್ರತಿರೋಧವು ಹೆಡ್‌ಫೋನಿನ ಪ್ರತಿರೋಧದ ಎಂಟನೆಯ ಒಂದು ಪಾಲನ್ನು ಮೀರಬಾರದೆಂಬುದು ಬಲ್ಲವರ ರೂಢಿಯ ನಿಯಮ. 32 ಓಮ್‌ಗೆ 4 ಓಮ್, 16 ಓಮ್‌ಗೆ 2 ಓಮ್. ಇದು ಮೀರಿದರೆ ಕೆಲವು ಹೆಡ್‌ಫೋನುಗಳಲ್ಲಿ ಮಂದ್ರಸ್ವರಗಳು ಸಡಿಲವಾಗಿ, ಸ್ವರಗಳ ತೂಕ ತಪ್ಪುತ್ತದೆ.

ಪೆಟ್ಟಿಗೆಯ ಪಕ್ಕದಲ್ಲಿ 'ಗೇನ್' ಎಂಬ ಕೀಲಿಯೊಂದಿರುವುದುಂಟು. ಅದಕ್ಕೆ ತಗ್ಗು, ಹೆಚ್ಚು ಎಂದು ಎರಡು ಸ್ಥಾನಗಳು. ನಾವು 'ಹೆಚ್ಚು' ಎಂಬುದೇ ಒಳ್ಳೆಯದೆಂದು ಭಾವಿಸಿ ಹಾಗೆಯೇ ಇಟ್ಟಿದ್ದೆವು. ಸುಯ್ಯೆನ್ನುವ ಸದ್ದಿಗೆ ಕಾರಣ ಅದೇ. ಹೆಚ್ಚಿನ ಸ್ಥಾನದಲ್ಲಿ ಧ್ವನಿಯೊಡನೆ ವರ್ಧಕದ ಹಿನ್ನೆಲೆಸದ್ದೂ ಏರುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರೂ ಧ್ವನಿ ಒಮ್ಮೆಲೇ ಹಾರುತ್ತದೆ. ಮೊದಲು ತಗ್ಗಿನಲ್ಲೇ ಇಡಬೇಕು. ಸಾಲದಿದ್ದರೆ ಮಾತ್ರ ಏರಿಸಬೇಕು.

6. ಎರಡು ಗುಂಡಿಗಳ ನ್ಯಾಯ

ಧ್ವನಿಯನ್ನು ಏರಿಸುವ ಇಳಿಸುವ ಗುಂಡಿಗಳು ಎರಡಿವೆ: ಒಂದು ದೂರವಾಣಿಯಲ್ಲಿ, ಇನ್ನೊಂದು ಪೆಟ್ಟಿಗೆಯಲ್ಲಿ. ನಾವು ಮೊದಲನೆಯದನ್ನು ಬಹಳ ತಗ್ಗಿಸಿ, ಎರಡನೆಯದನ್ನು ತುತ್ತತುದಿಗೆ ಏರಿಸಿದ್ದೆವು. ಇದು ಹಾಲಿಗೆ ನೀರು ಬೆರೆಸಿ ಆಮೇಲೆ ಕಾಯಿಸಿ ಗಟ್ಟಿಮಾಡುವಂತೆ. ದೂರವಾಣಿಯಲ್ಲಿ ಧ್ವನಿಯನ್ನು ತಗ್ಗಿಸುವುದೆಂದರೆ ಸಂಖ್ಯೆಗಳನ್ನೇ ಕುಗ್ಗಿಸುವುದು. 6 ಡೆಸಿಬೆಲ್ ತಗ್ಗಿಸಿದಾಗಲೆಲ್ಲ 16 ಬಿಟ್‌ನ ಅಳತೆಯಲ್ಲಿ ಸುಮಾರು ಒಂದು ಬಿಟ್ ನಷ್ಟ. 24 ಬಿಟ್‌ನ ಪರಿವರ್ತಕಗಳಲ್ಲಿ ಈ ನಷ್ಟ ಅಲ್ಪ. ಆದರೂ ಕ್ರಮವನ್ನು ತಿಳಿದಿರಬೇಕು.

ಕ್ರಮವು ಹೀಗೆ: ಹೆಡ್‌ಫೋನನ್ನು ಧರಿಸುವ ಮುನ್ನ ಪೆಟ್ಟಿಗೆಯ ಗುಂಡಿಯನ್ನು ಸೊನ್ನೆಗೆ ತರಬೇಕು. ಬಳಿಕ ದೂರವಾಣಿಯ ಧ್ವನಿಯನ್ನು ಪೂರ್ತಿಯ ಸಮೀಪಕ್ಕೆ ಏರಿಸಬೇಕು. ಅನಂತರ ಹೆಡ್‌ಫೋನನ್ನು ಧರಿಸಿ, ಪೆಟ್ಟಿಗೆಯ ಗುಂಡಿಯನ್ನು ಮೆಲ್ಲಮೆಲ್ಲನೆ ತಿರುಗಿಸಿ, ಮಾತು ಸ್ಪಷ್ಟವಾದೊಡನೆ ನಿಲ್ಲಿಸಬೇಕು. ಕ್ರಮ ತಪ್ಪಿದರೆ ಕಿವಿಗೆ ಆಘಾತವಾಗುವ ಭಯವಿದೆ. ಚಿಕ್ಕ ಮಕ್ಕಳಿಗೆ ಹಿರಿಯರೇ ಇದನ್ನು ಮಾಡಿಕೊಡಬೇಕು.

ಸ್ವರಗಳನ್ನು ಏರಿಳಿಸುವ 'ಈಕ್ವಲೈಸರ್' ಎಂಬ ಅನುಕೂಲವೂ ಉಂಟು. ಅದನ್ನು ಮಿತವಾಗಿ ಬಳಸಬೇಕು. ಏರಿಸುವುದಕ್ಕಿಂತ ಇಳಿಸುವುದು ಲೇಸು. ಏರಿಸಿದರೆ ಅಲೆಯ ನೆತ್ತಿ ಕತ್ತರಿಸಿ ಕಂಠ ಒಡೆಯುತ್ತದೆ. ನಮ್ಮ ಯಂತ್ರದಲ್ಲಿ ಒಡಕು ಬಂದದ್ದು ಹೀಗೆಯೇ. ಯಾರೋ ಮಂದ್ರವನ್ನು ತುದಿಗೆ ಏರಿಸಿಟ್ಟಿದ್ದರು.

7. ಮೊರೆತ, ಮೆತ್ತೆ, ಬ್ಯಾಟರಿ

ಗುಂಯ್ ಎಂಬ ಮೊರೆತದ ಕಾರಣ ಗೋಡೆಯ ವಿದ್ಯುತ್ತು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಕಂಪಿಸುತ್ತದೆ. ಬ್ಯಾಟರಿಯನ್ನು ತುಂಬುತ್ತಲೇ ಕೇಳುವಾಗ ಆ ಕಂಪನವು ಧ್ವನಿಯ ದಾರಿಗೆ ನುಸುಳಬಹುದು. ತುಂಬುವ ತಂತಿಯನ್ನು ತೆಗೆದೊಡನೆ ನಮ್ಮ ಪೆಟ್ಟಿಗೆಯ ಮೊರೆತ ನಿಂತಿತು. ಕೇಳುವ ಹೊತ್ತು ಬೇರೆ, ತುಂಬುವ ಹೊತ್ತು ಬೇರೆ ಎಂದು ಈಗ ಮೇಜಿನ ಮೇಲೆ ಬರೆದಿಟ್ಟಿದ್ದೇವೆ. ಬ್ಯಾಟರಿ ಲಿಥಿಯಂನದು, ಬಿಸಿಲಿಗೆ ಇಡಬಾರದು. ಬೇಸಿಗೆ ರಜೆಯಲ್ಲಿ ಅರ್ಧ ತುಂಬಿ ತಂಪಾದ ಕಡೆ ಇಡಬೇಕು. ಪೆಟ್ಟಿಗೆ ಉಬ್ಬಿತೆಂದರೆ ಅದನ್ನು ಮತ್ತೆ ಮುಟ್ಟಿ ಬಳಸಲಾಗದು.

ಕೊನೆಯದಾಗಿ ಕಿವಿಮೆತ್ತೆ. ಮೆತ್ತೆಯು ಕಿವಿಯ ಸುತ್ತ ಬಿಗಿಯಾಗಿ ಕೂತಿರದಿದ್ದರೆ ಮಂದ್ರಸ್ವರಗಳು ಸೋರಿಹೋಗುತ್ತವೆ. ಕನ್ನಡಕದ ಕಡ್ಡಿ, ಜಡೆ, ಹರಿದ ಮೆತ್ತೆ ಇವು ಸಾಕು. ಹೊಸ ಪೆಟ್ಟಿಗೆಗೆ ಹಣ ಹಾಕುವ ಮುನ್ನ ಹೊಸ ಮೆತ್ತೆಗೆ ಹಾಕಿ ನೋಡಿ. ಪೋಷಕರಿಗೆ ನಮ್ಮ ಸಲಹೆಯೂ ಇದೇ: ಹಣವಿದ್ದರೆ ಮೊದಲು ಒಳ್ಳೆಯ ಹೆಡ್‌ಫೋನಿಗೆ, ಆಮೇಲೆ ಒಳ್ಳೆಯ ಮುದ್ರಣಕ್ಕೆ, ಕೊನೆಗೆ ಪೆಟ್ಟಿಗೆಗೆ. ದೂರವಾಣಿಯಲ್ಲೇ ಸುಯ್ಯೆನ್ನದೆ ಸಾಕಷ್ಟು ಧ್ವನಿ ಬರುತ್ತಿದ್ದರೆ ಪೆಟ್ಟಿಗೆಯೇ ಬೇಡ.

8. ಎಡಬದಿ ಮಾತಾಡದ ಹೆಡ್‌ಫೋನು

ಮೊದಲಲ್ಲಿ ಹೇಳುವೆವೆಂದ ಸಂಗತಿ ಇದು. ಯಂತ್ರವು ಸರಿಯಾದ ಮೇಲೆ ಎಡ ಬಲಗಳನ್ನು ಪರೀಕ್ಷಿಸಲು ನಾವೇ ಒಂದು ಸಂಭಾಷಣೆಯನ್ನು ಮುದ್ರಿಸಿದೆವು. ಅಜ್ಜಿಯ ಮಾತು ಎಡಗಿವಿಗೆ, ಮೊಮ್ಮಗನ ಮಾತು ಬಲಗಿವಿಗೆ. ಏಳನೆಯ ತರಗತಿಯ ಮಕ್ಕಳು ಒಬ್ಬೊಬ್ಬರಾಗಿ ಕೇಳಿ ನಕ್ಕರು. ಅವರಲ್ಲಿ ಒಬ್ಬ ಬಾಲಕನು ಗುಂಡಿಯನ್ನು ಏರಿಸುತ್ತಲೇ ಹೋದನು. ಎರಡು ವರ್ಷಗಳಿಂದ ಅವನನ್ನು ನಾವು ಬಲ್ಲೆವು. ಕೊನೆಯ ಸಾಲಿನಲ್ಲಿ ಕೂರುವವನು, ಕರೆದರೆ ಓಗೊಡದವನು, ಉಕ್ತಲೇಖನದಲ್ಲಿ 'ಧನ'ವನ್ನು 'ದನ'ವೆಂದೇ ಬರೆಯುವವನು. ಅಲಕ್ಷ್ಯದ ಹುಡುಗನೆಂದು ನಾವು ಅನೇಕ ಸಲ ಗದರಿದ್ದೆವು.

"ಏನಪ್ಪಾ, ಯಾಕೆ ಅಷ್ಟು ಜೋರು ಮಾಡ್ತೀಯ?" ಎಂದೆವು.

"ಸಾರ್, ಈ ಕಡೇದು ಮಾತಾಡೋದೇ ಇಲ್ಲ ಸಾರ್. ಅಜ್ಜಿ ಎಲ್ಲಿ?" ಎಂದು ಎಡಬದಿಯನ್ನು ತೋರಿಸಿದನು.

ಹೆಡ್‌ಫೋನಿನ ದೋಷವೆಂದುಕೊಂಡು ಇನ್ನೊಂದನ್ನು ಕೊಟ್ಟೆವು. ಆಗಲೂ ಅಜ್ಜಿ ಮಾತಾಡಲಿಲ್ಲ. ಆಗ ಹೆಡ್‌ಫೋನನ್ನು ತಿರುಗಿಸಿ, ಎಡದ ಬದಿಯನ್ನು ಬಲಗಿವಿಗೆ ಇಟ್ಟೆವು. ಹುಡುಗನ ಮುಖ ಅರಳಿತು. "ಈಗ ಅಜ್ಜಿ ಬಂದ್ರು ಸಾರ್, ಹುಡುಗ ಹೋದ" ಎಂದನು. ನಮ್ಮ ಕೈ ಹಾಗೆಯೇ ನಿಂತಿತು. ದೋಷವು ಯಂತ್ರದಲ್ಲಿದ್ದಿದ್ದರೆ ಅದು ಹೆಡ್‌ಫೋನಿನೊಡನೆ ಬಲಕ್ಕೆ ಬರಬೇಕಾಗಿತ್ತು. ಅದು ಎಡದಲ್ಲೇ ಉಳಿಯಿತು. ಎಂದರೆ ಕೇಳಿಸದೆ ಇದ್ದದ್ದು ಹೆಡ್‌ಫೋನಿಗಲ್ಲ, ಆ ಮಗುವಿನ ಎಡಗಿವಿಗೆ.

ಮರುದಿನ ತಂದೆಯವರನ್ನು ಕರೆಸಿದೆವು. "ಚಿಕ್ಕಂದಿನಲ್ಲಿ ಕಿವಿ ಸೋರ್ತಿತ್ತು ಮೇಷ್ಟ್ರೇ. ದೊಡ್ಡವನಾದ್ರೆ ಸರಿಹೋಗತ್ತೆ ಅಂದ್ಕೊಂಡ್ವಿ" ಎಂದರು. ವೈದ್ಯರು ಪರೀಕ್ಷಿಸಿ, ಕಿವಿತಮಟೆ ತೂತಾಗಿದೆಯೆಂದು ಹೇಳಿ ಚಿಕಿತ್ಸೆಯನ್ನು ಆರಂಭಿಸಿದರು. ಈಗ ಆ ಬಾಲಕನು ಮೊದಲ ಸಾಲಿನಲ್ಲಿ, ಬಲಗಿವಿ ನಮ್ಮ ಕಡೆಗಿರುವಂತೆ ಕೂರುತ್ತಾನೆ. ಅವನ ಉಕ್ತಲೇಖನದಲ್ಲಿ 'ಧನ'ವು 'ಧನ'ವೇ ಆಗಿದೆ. ಎರಡು ವರ್ಷ ಅವನನ್ನು ಗದರಿದ ತಪ್ಪು ನಮ್ಮದು. ಅದನ್ನು ಇಲ್ಲಿ ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ. ಕರೆದರೆ ಓಗೊಡದ ಮಗು ಮನೆಯಲ್ಲಿದ್ದರೆ, ಗದರುವ ಮುನ್ನ ಅದಕ್ಕೆ ಕೇಳಿಸುತ್ತದೆಯೇ ಎಂದು ನೋಡಿರಿ. ಮೈಸೂರಿನಲ್ಲಿ 1960ರ ದಶಕದಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಂತಹ ಪರೀಕ್ಷೆ ಚಿಕಿತ್ಸೆಗಳಿಗಾಗಿಯೇ ಇದೆ.

9. ಕಿವಿಯ ಲೆಕ್ಕ

ಒಳಗಿವಿಯಲ್ಲಿ ಧ್ವನಿಯನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಹುಟ್ಟುವಾಗ ಒಂದೊಂದು ಕಿವಿಗೆ ಸುಮಾರು 15,000 ಇರುತ್ತವೆ. ಅತಿಯಾದ ಧ್ವನಿಯಿಂದ ಸತ್ತ ಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟದು. ವಿಶ್ವ ಆರೋಗ್ಯ ಸಂಸ್ಥೆಯು ಕಿವಿಗೆ ವಾರದ ಮಿತಿಯೊಂದನ್ನು ಗೊತ್ತುಮಾಡಿದೆ. ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ 75 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕಾಲವು ಅರ್ಧವಾಗುತ್ತದೆ: ಮಕ್ಕಳಿಗೆ 78ರಲ್ಲಿ 20 ಗಂಟೆ, 81ರಲ್ಲಿ 10 ಗಂಟೆ, 84ರಲ್ಲಿ 5 ಗಂಟೆ.

ದೂರವಾಣಿಗಳು ಧ್ವನಿ ಅತಿಯಾದಾಗ ಎಚ್ಚರಿಕೆಯನ್ನು ತೋರಿಸುವುದುಂಟು. ಆದರೆ ಹೊರಗಿನ ವರ್ಧಕವು ಎಷ್ಟು ಏರಿಸಿತೆಂಬುದು ದೂರವಾಣಿಗೆ ತಿಳಿಯದು. ಆದ್ದರಿಂದ ಈ ಪೆಟ್ಟಿಗೆಯನ್ನು ಬಳಸುವವರಿಗೆ ಎಚ್ಚರಿಕೆ ಹೇಳುವವರು ಅವರೇ. ನಮ್ಮ ಮೇಜಿನ ನಿಯಮ ಸರಳ: ಹೆಡ್‌ಫೋನು ಧರಿಸಿದವರಿಗೆ ಒಂದು ಮಾರು ದೂರದಲ್ಲಿ ನಿಂತು ಸಾಧಾರಣ ಕಂಠದಿಂದ ಹೆಸರು ಕರೆದರೆ ಕೇಳಿಸಬೇಕು. ಕೇಳಿಸದಿದ್ದರೆ ಗುಂಡಿ ಇಳಿಯಬೇಕು. ಅರ್ಧ ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡಬೇಕು.

ಪಾಠದ ಸಾರವಿಷ್ಟೇ. ಜೋರಾದ ಧ್ವನಿಯು ಕೂಡಲೇ ಉತ್ತಮವಾಗಿ ತೋರುತ್ತದೆ; ಆದರೆ ಜೋರು ಬೇರೆ, ಸ್ಪಷ್ಟತೆ ಬೇರೆ. ಮುದ್ರಣ, ತಂತಿ, ಪರಿವರ್ತಕ, ವರ್ಧಕ, ಮೆತ್ತೆ, ಕಿವಿ ಎಂಬ ಸರಪಳಿಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿ ತಿದ್ದಬೇಕೇ ಹೊರತು ಗುಂಡಿಯನ್ನು ಏರಿಸಿ ಮುಚ್ಚಬಾರದು. ಆ ಸರಪಳಿಯ ಉಳಿದೆಲ್ಲ ಕೊಂಡಿಗಳೂ ಅಂಗಡಿಯಲ್ಲಿ ದೊರೆಯುತ್ತವೆ, ಕೊನೆಯದೊಂದು ದೊರೆಯದು.

ಅಭ್ಯಾಸ

1. ಮಿಲಿವಾಟಿಗೆ 100 ಡೆಸಿಬೆಲ್ ಕೊಡುವ ಹೆಡ್‌ಫೋನಿನಲ್ಲಿ 70 ಡೆಸಿಬೆಲ್ ಧ್ವನಿಗೆ ಎಷ್ಟು ಮಿಲಿವಾಟ್ ಬೇಕು?

2. ಮಕ್ಕಳಿಗೆ 87 ಡೆಸಿಬೆಲ್‌ನಲ್ಲಿ ವಾರಕ್ಕೆ ಎಷ್ಟು ಕಾಲ ಕೇಳಬಹುದು? ಲೆಕ್ಕ ಮಾಡಿ.

3. ಒಂದೇ ಪದ್ಯದ ಮೂಲ ಮುದ್ರಣವನ್ನೂ ಪದೇ ಪದೇ ಸಂಕ್ಷೇಪಿಸಿದ ಮುದ್ರಣವನ್ನೂ ಒಂದೇ ಎತ್ತರದ ಧ್ವನಿಯಲ್ಲಿ ಕೇಳಿ, ಸಕಾರ ಶಕಾರಗಳನ್ನು ಹೋಲಿಸಿ.

4. ಮನೆಯವರೆಲ್ಲರ ಎಡಗಿವಿ ಬಲಗಿವಿಗಳನ್ನು ಒಂದೊಂದಾಗಿ, ತಗ್ಗಿದ ಧ್ವನಿಯಲ್ಲಿ ಪರೀಕ್ಷಿಸಿ. ವ್ಯತ್ಯಾಸ ಕಂಡರೆ ಹೆಡ್‌ಫೋನನ್ನು ತಿರುಗಿಸಿ ಮತ್ತೊಮ್ಮೆ ಕೇಳಿಸಿ. ದೋಷವು ಕಿವಿಯಲ್ಲೇ ಉಳಿದರೆ ತಡಮಾಡದೆ ನಮಗೆ ತಿಳಿಸಿರಿ.